ನಿಸ್ತಂತು ಟ್ರಿಗ್ಗರ್: ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ

ಛಾಯಾಗ್ರಹಣವು ಅನುಕೂಲಸ್ಥರ ವಿನೋದವೆಂಬ ಕಾಲವೊಂದಿತ್ತು. ಈಗ ಆ ಮಾತು ಉಳಿದಿಲ್ಲ. ನಮ್ಮಂಥ ಸರ್ಕಾರಿ ಕಲಾ ಕಾಲೇಜಿನ ಅಂತಿಮ ಬಿ.ಎ. ತರಗತಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿದರೂ ಸಾಕು, ಲಗ್ನದ ತಿಂಗಳುಗಳಲ್ಲಿ ಭಾನುವಾರ ಬಂತೆಂದರೆ ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿ ಕಲ್ಯಾಣ ಮಂಟಪಗಳ ಕಡೆಗೆ ಹೊರಡುವವರು ನಾಲ್ಕಾರು ಮಂದಿ ಸಿಕ್ಕುತ್ತಾರೆ. ಆ ಗುಂಪಿನಲ್ಲಿ ನಾನೂ ಒಬ್ಬ. ನಮಗೆ ಅದು ಹವ್ಯಾಸವೂ ಹೌದು, ಪರೀಕ್ಷಾ ಶುಲ್ಕದ ದಾರಿಯೂ ಹೌದು.

ಈ ಗುಂಪಿನಲ್ಲಿ ಮೇಲಿಂದ ಮೇಲೆ ಚರ್ಚೆಗೆ ಬರುವ, ಮೇಲಿಂದ ಮೇಲೆ ಹಣವನ್ನು ನುಂಗುವ ಒಂದು ಪುಟ್ಟ ವಸ್ತುವಿದೆ. ಅದೇ ನಿಸ್ತಂತು ಟ್ರಿಗ್ಗರ್. ಕ್ಯಾಮೆರಾದಿಂದ ಬೇರ್ಪಡಿಸಿ ದೂರದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಫ್ಲ್ಯಾಷಿಗೆ ‘ಈಗ ಬೆಳಗು’ ಎಂದು ತಂತಿಯ ಸಹಾಯವಿಲ್ಲದೆ ಆಜ್ಞೆ ಕೊಡುವ ಸಾಧನವದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಬೆಲೆಯಾದರೋ ಅಷ್ಟು ಚಿಕ್ಕದಲ್ಲ. ಇದನ್ನು ಕೊಳ್ಳಹೊರಟಾಗ ನಮ್ಮವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಯಾವುದು ಒಳ್ಳೆಯದು?’ ಎಂಬುದು. ಕೇಳಬೇಕಾದದ್ದು ಅದಲ್ಲ, ‘ಯಾವುದರೊಡನೆ ಯಾವುದು ಹೊಂದುತ್ತದೆ?’ ಎಂಬುದು. ಹೊಂದದ ಉತ್ತಮ ವಸ್ತುವಿಗಿಂತ ಹೊಂದುವ ಸಾಧಾರಣ ವಸ್ತುವೇ ಮೇಲೆಂಬುದು ನನ್ನ ಅಭಿಪ್ರಾಯ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಕೈಯಲ್ಲಿ ಹಣ ಕಡಿಮೆಯಿರುವವನ ದೀಪವು ಕ್ಯಾಮೆರಾದ ಜಾತಿಯನ್ನು ಕೇಳಬಾರದು. ಯಾವ ಸಂಸ್ಥೆಯ ಕ್ಯಾಮೆರಾ ಕೈಗೆ ಬಂದರೂ ಅದೇ ದೀಪಗಳು ಕೆಲಸಕ್ಕೆ ಬರುವಂಥ ಪದ್ಧತಿಯನ್ನೇ ಅವನು ಆರಿಸಿಕೊಳ್ಳಬೇಕು.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಇಂಥ ಯಂತ್ರದ ಮಾತೇಕೆ ಎಂದು ಗುರುಗಳು ಕೇಳಿಯಾರು. ಇದು ಯಂತ್ರದ ಮಾತಾದರೂ ಇದರೊಳಗಿರುವುದು ಭಾಷೆಯ ಪ್ರಶ್ನೆ ಹಾಗೂ ಅರ್ಥಶಾಸ್ತ್ರದ ಪ್ರಶ್ನೆ. ಆದುದರಿಂದ ನಮ್ಮ ಅಧಿಕಾರಕ್ಕೆ ಹೊರತಾದುದೇನೂ ಅಲ್ಲ.

ಮೊದಲಿಗೆ, ಫ್ಲ್ಯಾಷನ್ನು ಕ್ಯಾಮೆರಾದ ನೆತ್ತಿಯಿಂದ ಕೆಳಗಿಳಿಸುವುದಾದರೂ ಏಕೆ? ಬೇಲೂರಿನ ಮದನಿಕೆಯರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಆ ಶಿಲ್ಪಗಳ ಒಂದೊಂದು ಮಣಿಯೂ ಎದ್ದು ಕಾಣುತ್ತದೆ. ಅದೇ ಶಿಲ್ಪಕ್ಕೆ ನೇರವಾಗಿ ಎದುರಿನಿಂದ ಬೆಳಕು ಚೆಲ್ಲಿದರೆ ನೆರಳುಗಳೆಲ್ಲ ಕಲ್ಲಿನ ಹಿಂದಕ್ಕೆ ಸರಿದು, ಕೆತ್ತನೆಯು ಬರೆದ ಚಿತ್ರದಂತೆ ಚಪ್ಪಟೆಯಾಗಿ ಬಿಡುತ್ತದೆ. ಮುಖದ ವಿಷಯವೂ ಹಾಗೆಯೇ. ಕ್ಯಾಮೆರಾದ ಮೇಲೆಯೇ ಕುಳಿತ ಫ್ಲ್ಯಾಷು ಮುಖಕ್ಕೆ ಬೆಳಕನ್ನು ಎರಚುತ್ತದೆ. ಪಕ್ಕದಲ್ಲಿ, ತುಸು ಎತ್ತರದಲ್ಲಿ ನಿಂತ ಫ್ಲ್ಯಾಷು ಮುಖವನ್ನು ಕಡೆದು ತೋರಿಸುತ್ತದೆ. ಒಂದು ಸಾಧಾರಣ ಫ್ಲ್ಯಾಷು, ಒಂದು ಬಿಳಿಯ ಛತ್ರಿ, ಒಂದು ಸ್ಟ್ಯಾಂಡು ಇದ್ದರೆ ಹಳ್ಳಿಯ ಮನೆಯ ಪಡಸಾಲೆಯಲ್ಲಿಯೂ ಸ್ಟುಡಿಯೋದ ಗುಣವುಳ್ಳ ಚಿತ್ರ ತೆಗೆಯಬಹುದು. ಬಡವನಿಗೆ ಈ ವಿದ್ಯೆ ಒಲಿದದ್ದು ಇದರಿಂದಲೇ.

ಆದರೆ ದೂರದ ದೀಪಕ್ಕೆ ಆಜ್ಞೆ ತಲುಪಬೇಕಷ್ಟೆ? ಅದಕ್ಕೆ ಮೂರು ದಾರಿಗಳಿವೆ. ತಂತಿ ಮೊದಲನೆಯದು. ಅಗ್ಗವಾದುದು, ನಂಬಿಕೆಗೂ ತಕ್ಕದ್ದು. ಆದರೆ ಮದುವೆಯ ಮನೆಯಲ್ಲಿ ನೆಲದ ಮೇಲೆ ತಂತಿ ಹರಡಿದರೆ ಯಾರ ಕಾಲಿಗೆ ತೊಡರುತ್ತದೋ, ಯಾರ ಮೇಲೆ ಸ್ಟ್ಯಾಂಡು ಉರುಳುತ್ತದೋ ಹೇಳಬರುವಂತಿಲ್ಲ.

ಎರಡನೆಯದು ಬೆಳಕಿನ ದಾರಿ. ಒಂದು ಫ್ಲ್ಯಾಷು ಮಿಂಚಿದುದನ್ನು ಕಂಡು ಇನ್ನೊಂದು ತಾನೂ ಮಿಂಚುವುದು. ಬಹಳಷ್ಟು ಅಗ್ಗದ ಫ್ಲ್ಯಾಷುಗಳಲ್ಲಿಯೂ ಈ ಕಣ್ಣು ಇರುತ್ತದೆ. ಅದನ್ನು ಸ್ಲೇವ್ ಎನ್ನುತ್ತಾರೆ. ಇದರ ದೋಷವೆಂದರೆ ಆ ಕಣ್ಣಿಗೆ ತನ್ನವರು ಪರರು ಎಂಬ ಭೇದವಿಲ್ಲ. ಕಳೆದ ವರ್ಷ ನಮ್ಮ ಗೆಳೆಯನೊಬ್ಬ ಮುಹೂರ್ತದ ವೇಳೆಗೆ ಮಂಟಪದ ಪಕ್ಕದಲ್ಲಿ ಹೀಗೊಂದು ಫ್ಲ್ಯಾಷನ್ನು ನಿಲ್ಲಿಸಿದ್ದ. ಅಲ್ಲಿದ್ದ ಇನ್ನಿಬ್ಬರು ಛಾಯಾಗ್ರಾಹಕರು ಗುಂಡಿ ಒತ್ತಿದಾಗಲೆಲ್ಲ ಇವನ ದೀಪವೂ ಮಿಂಚಿ ಮಿಂಚಿ, ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಬ್ಯಾಟರಿಗಳು ಬರಿದಾಗಿದ್ದವು. ಅದೂ ಅಲ್ಲದೆ ಬಿಸಿಲಿನಲ್ಲಿ ಆ ಕಣ್ಣು ಮಂಕಾಗುತ್ತದೆ; ಕಂಬವೋ ಗೋಡೆಯೋ ಅಡ್ಡ ಬಂದರೆ ಕುರುಡಾಗುತ್ತದೆ.

ಮೂರನೆಯದು ರೇಡಿಯೋ ಅಲೆಯ ದಾರಿ. ಗೋಡೆ ಅಡ್ಡವಿದ್ದರೂ, ಬಿಸಿಲಿದ್ದರೂ ಇದು ಸಾಗುತ್ತದೆ. ನಮ್ಮ ದೇಶದವರೇ ಆದ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಜನರ ಮುಂದೆ ಅದೃಶ್ಯ ವಿದ್ಯುದಲೆಗಳನ್ನು ಗೋಡೆಯಾಚೆಗೆ ಕಳುಹಿಸಿ, ಅಲ್ಲಿ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ತೋರಿಸಿದ್ದರು. ದೂರದಲ್ಲಿದ್ದುಕೊಂಡು ತಂತಿಯಿಲ್ಲದೆ ‘ಸಿಡಿ’ ಎಂದು ಆಜ್ಞೆ ಮಾಡುವುದು, ಅದು ಸಿಡಿಯುವುದು: ಇಂದು ಛಾಯಾಗ್ರಾಹಕನು ಕ್ಯಾಮೆರಾದ ಮೇಲೆ ಇಟ್ಟುಕೊಳ್ಳುವ ಟ್ರಿಗ್ಗರಿನ ಕೆಲಸವೂ ಮೂಲತಃ ಅಷ್ಟೇ. ಅಂದಿನ ಆ ಪ್ರಯೋಗವು ಇಂದು ನಾಲ್ಕು ಕಾಸು ಸಂಪಾದಿಸುವ ವಿದ್ಯಾರ್ಥಿಯ ಚೀಲಕ್ಕೆ ಬಂದಿದೆಯೆಂಬುದು ಹೆಮ್ಮೆಯ ಸಂಗತಿಯೇ ಸರಿ.

ಇರಲಿ, ಪ್ರಕೃತಕ್ಕೆ ಬರೋಣ. ರೇಡಿಯೋ ಟ್ರಿಗ್ಗರಿನ ಹೊಂದಾಣಿಕೆಯಲ್ಲಿ ಮೂರು ಗಂಟುಗಳಿವೆ. ಕ್ಯಾಮೆರಾಕ್ಕೂ ಆಜ್ಞೆ ಕಳುಹಿಸುವ ಟ್ರಾನ್ಸ್‌ಮಿಟರಿಗೂ ನಡುವೆ ಒಂದು. ಟ್ರಾನ್ಸ್‌ಮಿಟರಿಗೂ ಆಜ್ಞೆ ಪಡೆಯುವ ರಿಸೀವರಿಗೂ ನಡುವೆ ಇನ್ನೊಂದು. ರಿಸೀವರಿಗೂ ಫ್ಲ್ಯಾಷಿಗೂ ನಡುವೆ ಮತ್ತೊಂದು. ಮೂರರಲ್ಲಿ ಒಂದು ಸಡಿಲವಾದರೂ ದೀಪ ಬೆಳಗುವುದಿಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯ ಗಂಟು ಕ್ಯಾಮೆರಾದ ನೆತ್ತಿಯ ಮೇಲಿರುವ ಲೋಹದ ಗಾಡಿ. ಅದಕ್ಕೆ ಹಾಟ್ ಶೂ ಎಂದು ಹೆಸರು. ಅದರ ಅಳತೆಯನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 518ನೆಯ ಮಾನಕವು ಗೊತ್ತುಮಾಡಿದೆ. ಆ ಗಾಡಿಯ ನಡುವೆ ಇರುವ ಒಂದು ಪಿನ್ನೇ ಮುಖ್ಯವಾದುದು. ಶಟರು ತೆರೆದ ಕ್ಷಣದಲ್ಲಿ ಆ ನಡುಪಿನ್ನು ಗಾಡಿಯ ಲೋಹದೊಡನೆ ಸೇರಿ ‘ಬೆಳಗು’ ಎನ್ನುತ್ತದೆ. ಈ ಒಂದು ಮಾತು ಎಲ್ಲ ಸಂಸ್ಥೆಗಳಿಗೂ ಸಮಾನವಾದ ಮಾತು. ಉಳಿದ ಪಿನ್ನುಗಳು ಆಯಾ ಸಂಸ್ಥೆಯ ಮನೆಮಾತು. ಕ್ಯಾನನ್ನಿನಲ್ಲಿ ಅಂಥವು ನಾಲ್ಕು, ನಿಕಾನಿನಲ್ಲಿ ಮೂರು. ಎಷ್ಟು ಬೆಳಕು ಬೇಕು, ಮಸೂರದ ಸ್ಥಿತಿ ಏನು ಎಂಬ ಸಂಭಾಷಣೆಯೆಲ್ಲ ಅವುಗಳ ಮೂಲಕ ನಡೆಯುತ್ತದೆ. ಒಬ್ಬರದು ಇನ್ನೊಬ್ಬರಿಗೆ ತಿಳಿಯುವುದಿಲ್ಲ.

ಈ ಸಮಾನ ಮಾತನ್ನೂ ಎಲ್ಲರೂ ಉಳಿಸಿಕೊಂಡು ಬಂದಿಲ್ಲವೆಂಬುದೇ ದುಃಖದ ವಿಷಯ. ಮಿನೋಲ್ಟಾ ಸಂಸ್ಥೆಯು 1988ರಲ್ಲಿ ತನ್ನ ಕ್ಯಾಮೆರಾಗಳಿಗೆ ಬೇರೆಯೇ ಆಕಾರದ ಗಾಡಿಯನ್ನು ಇಟ್ಟಿತು. 2006ರಲ್ಲಿ ಆ ವ್ಯವಹಾರ ಸೋನಿಯ ಕೈಗೆ ಬಂದಾಗ ಗಾಡಿಯೂ ಜೊತೆಗೆ ಬಂತು. 2012ರಲ್ಲಿ ಸೋನಿಯು ಹೊಸ ಗಾಡಿಯೊಂದನ್ನು ತಂದು ಸಾಮಾನ್ಯ ಆಕಾರಕ್ಕೆ ಮರಳಿತು. ಹೀಗಾಗಿ ಹಳೆಯ ಸೋನಿ ಕ್ಯಾಮೆರಾವನ್ನು ಕೈಬದಲಾಗಿ ಕೊಳ್ಳುವವನು ಮೊದಲು ಅದರ ನೆತ್ತಿಯನ್ನು ನೋಡಬೇಕು. ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವ ಕ್ಯಾನನ್ 1500ಡಿ, 3000ಡಿ ಮತ್ತು 2019ರಲ್ಲಿ ಬಂದ 200ಡಿ ಎರಡನೆಯ ಆವೃತ್ತಿ, ಇವುಗಳಲ್ಲಂತೂ ಆ ನಡುಪಿನ್ನೇ ಇಲ್ಲ. ಪಿನ್ನು ಒಂದೇ ಇರುವ ಸರಳ ಟ್ರಿಗ್ಗರನ್ನು ಇವುಗಳ ಮೇಲೆ ಕೂರಿಸಿದರೆ ಅದು ಅಲಂಕಾರಕ್ಕೆ ಕೂತಂತೆಯೇ. ಕೇಳುವ ಕಿವಿಯಿದೆ, ಹೇಳುವ ಬಾಯಿಲ್ಲ. ವಿಚಿತ್ರವೆಂದರೆ ಇವು ಹೊಸಬರಿಗೆಂದೇ, ಕಡಿಮೆ ಬೆಲೆಗೆಂದೇ ಮಾಡಿದ ಕ್ಯಾಮೆರಾಗಳು. ಅಗ್ಗದ ಟ್ರಿಗ್ಗರಿನ ಅವಶ್ಯಕತೆ ಯಾರಿಗೆ ಹೆಚ್ಚೋ ಅವರ ಕ್ಯಾಮೆರಾದಲ್ಲಿಯೇ ಅದಕ್ಕೆ ಬಾಗಿಲು ಮುಚ್ಚಿದೆ!

ಇಂಥ ಕ್ಯಾಮೆರಾ ಉಳ್ಳವರು ಎದೆಗುಂದಬೇಕಾಗಿಲ್ಲ. ಉಳಿದ ನಾಲ್ಕು ಪಿನ್ನುಗಳ ಮನೆಮಾತನ್ನು ಕಲಿತು, ಅವುಗಳಿಂದಲೇ ಆಜ್ಞೆಯನ್ನು ಪಡೆಯುವ ಟ್ರಾನ್ಸ್‌ಮಿಟರುಗಳು ಬಂದಿವೆ. ಕ್ಯಾನನ್ನಿಗೆಂದು ಮಾಡಿದ್ದರೆ ಸಾಲದು. ಅದರ ಹೊಂದಾಣಿಕೆಯ ಪಟ್ಟಿಯಲ್ಲಿ ತಮ್ಮ ಕ್ಯಾಮೆರಾದ ಹೆಸರೇ ಇದೆಯೇ ಎಂದು ನೋಡಿ ಕೊಳ್ಳಬೇಕು. ಹಣ ಒದಗುವವರೆಗೆ ಇನ್ನೊಂದು ಉಪಾಯವುಂಟು. ಈ ಕ್ಯಾಮೆರಾಗಳಲ್ಲಿಯೇ ಅಡಗಿರುವ ಪುಟ್ಟ ಫ್ಲ್ಯಾಷನ್ನು ಎಬ್ಬಿಸಿ, ದೂರದ ಫ್ಲ್ಯಾಷನ್ನು ಸ್ಲೇವ್ ಕಣ್ಣಿನಿಂದ ನಡೆಸಬಹುದು. ಆದರೆ ಪುಟ್ಟ ಫ್ಲ್ಯಾಷು ಅಳತೆಗಾಗಿ ಮೊದಲೊಮ್ಮೆ ಮಿಂಚಿ ಆಮೇಲೆ ಚಿತ್ರಕ್ಕಾಗಿ ಇನ್ನೊಮ್ಮೆ ಮಿಂಚುತ್ತದೆ. ಮೊದಲ ಮಿಂಚಿಗೇ ದೂರದ ದೀಪ ಸಿಡಿದುಬಿಟ್ಟರೆ ಚಿತ್ರದಲ್ಲಿ ಅದು ಸೇರುವುದಿಲ್ಲ. ಅದಕ್ಕಾಗಿಯೇ ಬಹಳಷ್ಟು ಫ್ಲ್ಯಾಷುಗಳಲ್ಲಿ ಎಸ್1, ಎಸ್2 ಎಂಬ ಎರಡು ಕ್ರಮಗಳಿವೆ. ಎಸ್1 ಮೊದಲ ಮಿಂಚಿಗೇ ಓಗೊಡುತ್ತದೆ. ಎಸ್2 ಅದನ್ನು ಬಿಟ್ಟು ಮುಂದಿನದಕ್ಕೆ ಓಗೊಡುತ್ತದೆ. ಎರಡನೆಯದನ್ನು ಇಟ್ಟುಕೊಂಡರಾಯಿತು. ಇನ್ನಾರ ಫ್ಲ್ಯಾಷೂ ಇಲ್ಲದ ಮನೆಯೊಳಗೆ ಇದಕ್ಕೆ ಕವಡೆಯ ಖರ್ಚೂ ಇಲ್ಲ.

ಎರಡನೆಯ ಗಂಟು ಅಲೆಯದು. ಈಗಿನ ಬಹುತೇಕ ಟ್ರಿಗ್ಗರುಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸಮಾಡುತ್ತವೆ. ನಮ್ಮ ದೇಶದಲ್ಲಿ ಅಲ್ಪಶಕ್ತಿಯ ಸಾಧನಗಳಿಗೆ ಈ ಪಟ್ಟಿಯಲ್ಲಿ ಪರವಾನಗಿ ಬೇಕಿಲ್ಲ. ಪೆಟ್ಟಿಗೆಯ ಮೇಲೆ 2.4 ಎಂದು ನೋಡಿದ ಕೂಡಲೇ ಅನೇಕರು, ಎರಡರ ಮೇಲೂ ಅದೇ ಸಂಖ್ಯೆಯಿರುವುದರಿಂದ ಎರಡೂ ಹೊಂದುತ್ತವೆಂದು ಭಾವಿಸುತ್ತಾರೆ. ಇದು ದೊಡ್ಡ ಭ್ರಮೆ. ಒಂದೇ ಸಂತೆಯಲ್ಲಿ ನಿಂತ ಮಾತ್ರಕ್ಕೆ ಕನ್ನಡದವನಿಗೂ ಬಂಗಾಳಿಯವನಿಗೂ ಮಾತು ತಿಳಿದೀತೆ? ಗಾಳಿ ಒಂದೇ, ಭಾಷೆ ಬೇರೆ. ಕ್ಯಾನನ್ನಿನ ರೇಡಿಯೋ ಫ್ಲ್ಯಾಷು 2012ರಲ್ಲಿ 600ಇಎಕ್ಸ್-ಆರ್‌ಟಿ ಎಂಬುದರೊಡನೆ ಬಂತು. ನಿಕಾನಿನದು 2016ರಲ್ಲಿ ಎಸ್‌ಬಿ-5000 ಎಂಬುದರೊಡನೆ ಬಂತು. ಎರಡೂ ರೇಡಿಯೋವೇ. ಆದರೂ ಒಂದರ ಆಜ್ಞೆ ಇನ್ನೊಂದಕ್ಕೆ ತಿಳಿಯದು. ಇನ್ನೂ ಸೋಜಿಗವೆಂದರೆ ಒಂದೇ ಸಂಸ್ಥೆಯ ಎರಡು ಮಾದರಿಗಳಿಗೂ ಎಷ್ಟೋ ವೇಳೆ ಮಾತುಕತೆಯಿಲ್ಲ. ಯೊಂಗ್ನುವೊ ಸಂಸ್ಥೆಯ ಆರ್‌ಎಫ್-602 ಮತ್ತು ಆರ್‌ಎಫ್-603 ಎಂಬ ಟ್ರಿಗ್ಗರುಗಳು ಅಣ್ಣತಮ್ಮಂದಿರಂತೆ ಕಂಡರೂ ಪರಸ್ಪರ ಕೇಳಿಸಿಕೊಳ್ಳುವುದಿಲ್ಲ. ಅದೇ ಸಂಸ್ಥೆಯ ವೈಎನ್-560 ಫ್ಲ್ಯಾಷಿನ ಮೂರನೆಯ ಆವೃತ್ತಿಯಲ್ಲಿ ಎರಡರ ಭಾಷೆಯನ್ನೂ ತಿಳಿಯುವ ರಿಸೀವರನ್ನು ಒಳಗೇ ಇಟ್ಟರು. ಆದರೆ ಯಾವುದನ್ನು ಕೇಳಬೇಕೆಂದು ನಾವೇ ಅದಕ್ಕೆ ಗೊತ್ತುಮಾಡಬೇಕು. ಆದುದರಿಂದ ಕೈಬದಲು ಸಾಮಾನು ಕೊಳ್ಳುವವರು ಸಂಸ್ಥೆಯ ಹೆಸರಿಗೆ ಮರುಳಾಗದೆ ಮಾದರಿಯ ಸಂಖ್ಯೆಯನ್ನು ಅಕ್ಷರಶಃ ಓದಬೇಕು.

ಭಾಷೆ ಒಂದಾದ ಮೇಲೂ ಚಾನಲ್ ಒಂದಾಗಬೇಕು. ಕ್ಯಾಮೆರಾದ ಮೇಲಿನದರಲ್ಲಿ ಯಾವ ಚಾನಲ್ ಇದೆಯೋ ಫ್ಲ್ಯಾಷಿನದರಲ್ಲಿಯೂ ಅದೇ ಇರಬೇಕು. ಒಂದೇ ಮಂಟಪದಲ್ಲಿ ಇಬ್ಬರು ಒಂದೇ ಬಗೆಯ ಟ್ರಿಗ್ಗರನ್ನು ತಂದಿದ್ದರೆ ಮೊದಲೇ ಮಾತಾಡಿಕೊಂಡು ಬೇರೆ ಬೇರೆ ಚಾನಲ್ ಹಿಡಿಯುವುದು ಸೌಜನ್ಯವೂ ಹೌದು, ಜಾಣತನವೂ ಹೌದು.

ಮೂರನೆಯ ಗಂಟು ಫ್ಲ್ಯಾಷಿನ ಪಾದದಲ್ಲಿದೆ. ಹಳೆಯ ಸ್ಟುಡಿಯೋಗಳು ಮುಚ್ಚುವಾಗ ಫಿಲಂ ಕಾಲದ ಫ್ಲ್ಯಾಷುಗಳು ಕಾಸಿಗೆ ಎರಡರಂತೆ ಸಿಕ್ಕುವುದುಂಟು. ಅವುಗಳಲ್ಲಿ ಕೆಲವು ಪಿನ್ನಿನ ಮೇಲೆ 200 ವೋಲ್ಟಿಗೂ ಮೀರಿದ ಒತ್ತಡವನ್ನು ಇಟ್ಟುಕೊಂಡಿರುತ್ತವೆ. ಕ್ಯಾಮೆರಾದ ಮಂಡಲವು 24 ವೋಲ್ಟಿನವರೆಗೆ ತಡೆದುಕೊಳ್ಳಬೇಕೆಂಬುದು ಅಂತರರಾಷ್ಟ್ರೀಯ ಮಾನಕದ ಮಾತು. ಅದಕ್ಕೂ ಎಂಟು ಪಟ್ಟು ಹೆಚ್ಚಿನದನ್ನು ಕ್ಯಾಮೆರಾದ ತಲೆಗೆ ನೇರವಾಗಿ ಕಟ್ಟುವುದು ಸಾಹಸವಲ್ಲ, ಅವಿವೇಕ. ನಡುವೆ ರೇಡಿಯೋ ಟ್ರಿಗ್ಗರಿದ್ದರೆ ಕ್ಯಾಮೆರಾ ಉಳಿಯುತ್ತದೆ, ನಿಜ. ಆದರೆ ರಿಸೀವರಿಗೂ ಒಂದು ಮಿತಿಯುಂಟು. ಅದು ಎಷ್ಟೆಂಬುದು ಅದರ ಕೈಪಿಡಿಯಲ್ಲಿ ಇರುತ್ತದೆ. ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಮಲ್ಟಿಮೀಟರಿನಿಂದ ಅಳೆಯಿಸಿ ನೋಡುವುದಕ್ಕೆ ಐದು ನಿಮಿಷ ಸಾಕು.

ಈ ಮೂರು ಗಂಟುಗಳಲ್ಲದೆ ವೇಗದ ಮಾತೂ ಒಂದಿದೆ. ಕ್ಯಾಮೆರಾದ ಶಟರಿನಲ್ಲಿ ಎರಡು ಪರದೆಗಳಿರುತ್ತವೆ. ಒಂದು ಪೂರ್ತಿಯಾಗಿ ಸರಿದು ಇನ್ನೊಂದು ಹೊರಡುವುದಕ್ಕೆ ಮುನ್ನ ಫ್ಲ್ಯಾಷು ಬೆಳಗಬೇಕು. ಸಾಮಾನ್ಯ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ಸೆಕೆಂಡಿನವರೆಗೆ ಮಾತ್ರ ಇದಕ್ಕೆ ಅವಕಾಶ. ಅಗ್ಗದ ಟ್ರಿಗ್ಗರು ಆಜ್ಞೆಯನ್ನು ತುಸು ತಡವಾಗಿ ತಲುಪಿಸಿದರೆ ಎರಡನೆಯ ಪರದೆ ಆಗಲೇ ಇಳಿಯತೊಡಗಿ, ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಟ್ರಿಗ್ಗರು ಕೆಟ್ಟಿದೆಯೆಂದು ಬಿಸಾಡುವ ಮುನ್ನ ವೇಗವನ್ನು 1/160ಕ್ಕೆ ಅಥವಾ 1/125ಕ್ಕೆ ಇಳಿಸಿ ನೋಡಬೇಕು. ಬಹಳ ಸಲ ಅಷ್ಟರಿಂದಲೇ ಕೆಲಸವಾಗುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಇಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು, ಬೆಳಕಿನ ಪ್ರಮಾಣವನ್ನು ತಾನೇ ಅಳೆದು ಗೊತ್ತುಮಾಡುವ ಟಿಟಿಎಲ್ ಟ್ರಿಗ್ಗರೇ ಬೇಕೆನ್ನುತ್ತಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ದಿಬ್ಬಣದ ಜೊತೆ ನಡೆಯುತ್ತ, ಗಳಿಗೆಗೊಂದು ದೂರದಿಂದ ಚಿತ್ರ ತೆಗೆಯುವವನಿಗೆ ಪ್ರತಿಸಲವೂ ಕೈಯಿಂದ ಬೆಳಕನ್ನು ತಿದ್ದುವ ಪುರುಸೊತ್ತು ಎಲ್ಲಿದೆ? ಅಲ್ಲದೆ ಕ್ಯಾಮೆರಾ ಮಾಡಿದವರದೇ ಟ್ರಿಗ್ಗರು ಕೊಂಡರೆ ಹೊಂದಾಣಿಕೆಯ ಚಿಂತೆಯೇ ಇಲ್ಲವೆನ್ನುತ್ತಾರೆ. ಅದೂ ಬಹುಮಟ್ಟಿಗೆ ಸತ್ಯವೇ, ಬೆಲೆಯ ಮಾತೊಂದನ್ನು ಬಿಟ್ಟರೆ. ಆದರೂ ಪೂರ್ತಿ ಸತ್ಯವಲ್ಲ. ಕ್ಯಾನನ್ ಸಂಸ್ಥೆಯೇ 2021ರಲ್ಲಿ ಇಒಎಸ್ ಆರ್3 ಕ್ಯಾಮೆರಾದೊಡನೆ ಹೊಸ ಬಗೆಯ ಗಾಡಿಯನ್ನು ತಂದಿತು. ಆ ಗಾಡಿಗೆಂದು ಮಾಡಿದ ಹೊಸ ಟ್ರಾನ್ಸ್‌ಮಿಟರು ಅದೇ ಸಂಸ್ಥೆಯ ಹಳೆಯ ಕ್ಯಾಮೆರಾಗಳ ಮೇಲೆ ಕೆಲಸ ಮಾಡದು. ಒಂದೇ ಮನೆಯೊಳಗೂ ಹೊಂದಾಣಿಕೆ ಶಾಶ್ವತವಲ್ಲವೆಂದಾಯಿತು.

ನಾನು ಎರಡನೆಯ ಪಕ್ಷದವನು. ಒಂದು ಕಡೆ ನಿಲ್ಲಿಸಿ ತೆಗೆಯುವ ಚಿತ್ರಗಳಲ್ಲಿ, ವಧೂವರರ ಜೋಡಿ, ಬಂಧುಗಳ ಗುಂಪು, ಬೀಳ್ಕೊಡುಗೆಯ ಸಮಾರಂಭ, ಪರೀಕ್ಷೆಯ ಅರ್ಜಿಗೆ ಬೇಕಾದ ಭಾವಚಿತ್ರ, ಇವುಗಳಲ್ಲಿ ಫ್ಲ್ಯಾಷಿಗೂ ಮುಖಕ್ಕೂ ನಡುವಿನ ದೂರ ಬದಲಾಗುವುದಿಲ್ಲ. ದೂರ ಬದಲಾಗದಿದ್ದರೆ ಬೆಳಕೂ ಬದಲಾಗದು. ಒಮ್ಮೆ ಕೈಯಿಂದ ಸರಿಪಡಿಸಿದರೆ ನೂರು ಚಿತ್ರಗಳಿಗೂ ಅದೇ ಸಾಕು. ನಮ್ಮ ಸಂಪಾದನೆಯ ಬಹುಪಾಲು ಇಂಥ ಚಿತ್ರಗಳಿಂದಲೇ ಬರುತ್ತದೆ. ಮೇಲಾಗಿ, ಕೈಯಿಂದ ಬೆಳಕನ್ನು ಹೆಚ್ಚು ಕಡಿಮೆ ಮಾಡಿದವನಿಗೆ ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆಂಬ ನಿಯಮವು ಪುಸ್ತಕವಿಲ್ಲದೆಯೇ ಮನದಟ್ಟಾಗುತ್ತದೆ. ಯಂತ್ರವೇ ಎಲ್ಲವನ್ನೂ ಲೆಕ್ಕಹಾಕಿದರೆ ಯಂತ್ರ ಕಲಿಯುತ್ತದೆ, ನಾವು ಕಲಿಯುವುದಿಲ್ಲ.

ಇಲ್ಲಿ ಅರ್ಥಶಾಸ್ತ್ರದ ಪಾಠವೊಂದನ್ನು ನೆನೆಯಬೇಕು. ಒಂದಿಲ್ಲದೆ ಇನ್ನೊಂದು ಉಪಯೋಗಕ್ಕೆ ಬಾರದ ವಸ್ತುಗಳನ್ನು ಪೂರಕ ಸರಕುಗಳೆಂದು ಓದಿದ್ದೇವೆ. ಕ್ಯಾಮೆರಾ, ಟ್ರಿಗ್ಗರು, ಫ್ಲ್ಯಾಷು ಇವು ಪೂರಕ ಸರಕುಗಳು. ಮೊದಲನೆಯದನ್ನು ಅಗ್ಗವಾಗಿ ಕೊಟ್ಟು, ಉಳಿದವನ್ನು ತನ್ನಲ್ಲಿಯೇ ಕೊಳ್ಳುವಂತೆ ಮಾಡಿದರೆ ಮಾರುವವನಿಗೆ ಲಾಭ. ಕೊಂಡವನಿಗೆ ಹಿಂದಿರುಗುವ ದಾರಿಯಿಲ್ಲ. ಕ್ಯಾಮೆರಾ ಬದಲಿಸಿದರೆ ದೀಪಗಳನ್ನೆಲ್ಲ ಬದಲಿಸಬೇಕು. ನನ್ನ ತಂದೆ ಗಾರೆ ಕೆಲಸದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಕಟ್ಟುವ ಮನೆಗಳಲ್ಲಿ ಅರ್ಧ ಇಂಚಿನ ನಲ್ಲಿಯು ಯಾವ ಸಂಸ್ಥೆಯದಾದರೂ ಅರ್ಧ ಇಂಚಿನ ಪೈಪಿಗೆ ಕೂರುತ್ತದೆ. ಯಾರು ಮಾಡಿದ ಬಲ್ಬಾದರೂ ಹೋಲ್ಡರಿಗೆ ಕೂರುತ್ತದೆ. ಅವರಿಗೆ ಇದು ಹೇಳಬೇಕಾದ ಮಾತೇ ಅಲ್ಲ, ಲೋಕ ನಡೆಯುವ ರೀತಿ. ಫ್ಲ್ಯಾಷಿನ ನಡುಪಿನ್ನೂ ಅಂಥದೇ ಒಂದು ಒಡಂಬಡಿಕೆಯಾಗಿತ್ತು. ಅದನ್ನು ತೆಗೆದುಹಾಕುವುದರಿಂದ ಉಳಿಯುವುದು ಒಂದು ಚೂರು ಲೋಹ. ಕಳೆಯುವುದು ಕೊಳ್ಳುವವನ ಸ್ವಾತಂತ್ರ್ಯ.

ಆದುದರಿಂದಲೇ ದೀಪ ಕ್ಯಾಮೆರಾದ ಜಾತಿಯನ್ನು ಕೇಳಬಾರದೆಂದು ಮೊದಲೇ ಹೇಳಿದೆ. ಇದು ಬರಿಯ ಆಸೆಯಲ್ಲ, ಸಾಧ್ಯವಾದ ಮಾತು. ಉದಾಹರಣೆಗೆ ಗೋಡಾಕ್ಸ್ ಸಂಸ್ಥೆಯ ಎಕ್ಸ್ ಪದ್ಧತಿಯನ್ನು ನೋಡಬಹುದು. ಅದರಲ್ಲಿ ಟ್ರಾನ್ಸ್‌ಮಿಟರು ಮಾತ್ರ ಕ್ಯಾನನ್ನಿಗೊಂದು, ನಿಕಾನಿಗೊಂದು, ಸೋನಿಗೊಂದು ಎಂದು ಬೇರೆ ಬೇರೆಯಾಗಿದೆ. ಅಲೆಯ ಭಾಷೆ ಎಲ್ಲಕ್ಕೂ ಒಂದೇ, 32 ಚಾನಲ್‌ಗಳು. ಟಿಟಿ600 ಎಂಬ ಅದರ ಸರಳ ಫ್ಲ್ಯಾಷಿನ ಪಾದದಲ್ಲಿ ಒಂದೇ ಪಿನ್ನಿದೆ, ರಿಸೀವರು ಒಳಗೇ ಇದೆ. ಕ್ಯಾಮೆರಾದ ಮೇಲಿರುವ ಟ್ರಾನ್ಸ್‌ಮಿಟರಿನಿಂದಲೇ ದೂರದ ಫ್ಲ್ಯಾಷಿನ ಬೆಳಕನ್ನು ಹೆಚ್ಚು ಕಡಿಮೆ ಮಾಡಬಹುದು. ನಾಳೆ ಕ್ಯಾನನ್ ಬಿಟ್ಟು ನಿಕಾನ್ ಹಿಡಿದರೂ ಟ್ರಾನ್ಸ್‌ಮಿಟರು ಒಂದನ್ನು ಬದಲಿಸಿದರೆ ಸಾಕು, ದೀಪಗಳು ಹಾಗೆಯೇ ಉಳಿಯುತ್ತವೆ. ಈ ಪದ್ಧತಿಯ ಭಾಷೆಯೂ ಒಂದು ಸಂಸ್ಥೆಯ ಸೊತ್ತೇ ಎಂಬುದನ್ನು ನಾನು ಮರೆತಿಲ್ಲ. ಆ ಸಂಸ್ಥೆಯ ಪರವಾಗಿ ವಕಾಲತ್ತು ಮಾಡುವುದೂ ನನ್ನ ಉದ್ದೇಶವಲ್ಲ. ಇದೇ ಗುಣ ಇನ್ನೊಂದರಲ್ಲಿ ಕಂಡರೆ ಅದನ್ನೂ ಆರಿಸಬಹುದು. ಹೆಸರು ಮುಖ್ಯವಲ್ಲ, ಗುಣ ಮುಖ್ಯ.

ಇನ್ನು ನನ್ನ ಮುಖ್ಯ ಸಲಹೆ. ನಮ್ಮ ಕಾಲೇಜಿನಲ್ಲಿ ಈಗ ಒಬ್ಬೊಬ್ಬರೂ ಒಂದೊಂದು ಬಗೆಯ ಟ್ರಿಗ್ಗರನ್ನು ಕೊಂಡು ಕುಳಿತಿದ್ದೇವೆ. ಒಬ್ಬನ ಫ್ಲ್ಯಾಷು ಕೆಟ್ಟ ದಿನ ಇನ್ನೊಬ್ಬನ ಫ್ಲ್ಯಾಷು ಪಕ್ಕದ ಕೊಠಡಿಯಲ್ಲಿ ಸುಮ್ಮನೆ ಕುಳಿತಿದ್ದರೂ ಉಪಯೋಗವಿಲ್ಲ. ಮೂವರು ಒಂದೇ ಪದ್ಧತಿಗೆ ಒಪ್ಪಿಕೊಂಡರೆ ಒಬ್ಬೊಬ್ಬನೂ ಒಂದೊಂದು ಫ್ಲ್ಯಾಷನ್ನು ಕೊಂಡರೂ ಕೆಲಸದ ದಿನ ಪ್ರತಿಯೊಬ್ಬನಿಗೂ ಮೂರು ದೀಪಗಳು ದೊರೆಯುತ್ತವೆ. ಸಹಕಾರ ತತ್ತ್ವವನ್ನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಬರುವ ನಾವು ಇಷ್ಟನ್ನಾದರೂ ಆಚರಿಸಲಾರೆವೆ? ಕಾಲೇಜಿನ ಸಮಾರಂಭಗಳಿಗಾಗಿ ಸಾಂಸ್ಕೃತಿಕ ಸಂಘವು ಮುಂದೆ ಫ್ಲ್ಯಾಷು, ಟ್ರಿಗ್ಗರುಗಳನ್ನು ಕೊಳ್ಳುವುದಾದರೆ ಅವೂ ಇದೇ ಪದ್ಧತಿಯವಾಗಿರಲಿ. ಹಾಗೂ ಕೊಳ್ಳುವ ಮುನ್ನ ಅಧ್ಯಾಪಕರು ದಯವಿಟ್ಟು ಕ್ಯಾಮೆರಾ ಹಿಡಿಯುವ ವಿದ್ಯಾರ್ಥಿಗಳನ್ನು ಒಮ್ಮೆ ಕೇಳಲಿ. ದರಪಟ್ಟಿಯಲ್ಲಿ ಕನಿಷ್ಠ ಬೆಲೆಯಿದ್ದ ಮಾತ್ರಕ್ಕೆ ವಸ್ತು ಅಗ್ಗವಾಗುವುದಿಲ್ಲ. ಹೊಂದದ ವಸ್ತುವಿಗೆ ಕೊಟ್ಟ ಪ್ರತಿ ಕಾಸೂ ನಷ್ಟವೇ.

ಕೊಳ್ಳುವ ದಿನ ಮಾಡಬೇಕಾದ ಪರೀಕ್ಷೆಯೂ ಕಷ್ಟದ್ದಲ್ಲ. ಅಂಗಡಿಗೆ ಬರಿಗೈಯಲ್ಲಿ ಹೋಗಬಾರದು. ತನ್ನ ಕ್ಯಾಮೆರಾ, ತನ್ನ ಫ್ಲ್ಯಾಷು, ತುಂಬಿದ ಬ್ಯಾಟರಿಗಳು, ಇಷ್ಟನ್ನೂ ಒಯ್ಯಬೇಕು. ಟ್ರಿಗ್ಗರಿನ ಮೇಲೆ ಪ್ರಯೋಗಕ್ಕೆಂದು ಒಂದು ಗುಂಡಿಯಿರುತ್ತದೆ. ಅದನ್ನು ಒತ್ತಿದಾಗ ಫ್ಲ್ಯಾಷು ಬೆಳಗಿ, ಕ್ಯಾಮೆರಾದ ಶಟರನ್ನು ಒತ್ತಿದಾಗ ಬೆಳಗದಿದ್ದರೆ ದೋಷ ಮೊದಲನೆಯ ಗಂಟಿನಲ್ಲಿದೆಯೆಂದು ತಿಳಿಯಬೇಕು. ಗುಂಡಿಗೂ ಬೆಳಗದಿದ್ದರೆ ಎರಡನೆಯದರಲ್ಲೋ ಮೂರನೆಯದರಲ್ಲೋ ಇದೆ. ಬೆಳಗಿದರೆ, ಇಪ್ಪತ್ತು ಸಲ ಬಿಡದೆ ಒತ್ತಿ ಒಂದಾದರೂ ತಪ್ಪುತ್ತದೆಯೇ ಎಂದು ಎಣಿಸಬೇಕು. ಪ್ರತಿಸಲವೂ ಫ್ಲ್ಯಾಷು ಸಿದ್ಧವೆಂಬ ದೀಪ ಹೊತ್ತುವವರೆಗೆ ಕಾಯುವುದನ್ನು ಮರೆಯಬಾರದು. ಆಮೇಲೆ ಫ್ಲ್ಯಾಷನ್ನು ಗೋಡೆಯಾಚೆಗೆ ಇಡಿಸಿ ಮತ್ತೆ ಒತ್ತಬೇಕು. ಕೊನೆಯದಾಗಿ 1/125, 1/160, 1/200 ವೇಗಗಳಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದು ಅಂಚಿನಲ್ಲಿ ಕಪ್ಪು ಬೀಳುತ್ತದೆಯೇ ಎಂದು ನೋಡಬೇಕು. ಇಷ್ಟಕ್ಕೆ ಹತ್ತು ನಿಮಿಷ ಬೇಕಾದೀತು. ಈ ಹತ್ತು ನಿಮಿಷವನ್ನು ಕೊಡಲು ಒಪ್ಪದ ಅಂಗಡಿಗೆ ನಮ್ಮ ಹಣವನ್ನು ಕೊಡಬೇಕಾದ ಅಗತ್ಯವೇನಿದೆ?

ನಮ್ಮಲ್ಲಿ ಬಹಳ ಮಂದಿಗೆ ಪದವಿಯ ನಂತರ ಏನು ಎಂಬ ಪ್ರಶ್ನೆ ಎದುರಿಗೇ ನಿಂತಿದೆ. ಎಲ್ಲರಿಗೂ ಸರ್ಕಾರಿ ನೌಕರಿ ದೊರೆಯಲಾರದು. ಕ್ಯಾಮೆರಾ ಹಿಡಿದು ಗೌರವದಿಂದ ಅನ್ನ ಸಂಪಾದಿಸುವ ದಾರಿಯೊಂದು ಕೆಲವರಿಗಾದರೂ ತೆರೆದಿದೆ. ಆ ದಾರಿಯ ಮೊದಲ ಬಂಡವಾಳವು ಮನೆಯವರು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣ. ಅದು ಬೆಳಗದ ದೀಪಕ್ಕೆ, ಕೇಳದ ಟ್ರಿಗ್ಗರಿಗೆ ಹೋಗಬಾರದೆಂಬ ಕಳಕಳಿಯಿಂದ ಇಷ್ಟನ್ನು ಬರೆದಿದ್ದೇನೆ. ಹಿರಿಯ ಗೆಳೆಯರಿಗೆ ನನಗಿಂತ ಹೆಚ್ಚು ಗೊತ್ತಿದ್ದರೆ ಅದನ್ನು ಕಿರಿಯರಿಗೆ ಹೇಳಿಕೊಡಲಿ. ಹೊಸದಾಗಿ ಕ್ಯಾಮೆರಾ ಹಿಡಿಯುವ ತಮ್ಮತಂಗಿಯರು ಕೊಳ್ಳುವ ಮುನ್ನ ನಾಲ್ಕು ಜನರನ್ನು ಕೇಳಲಿ. ಕೇಳುವಾಗ ‘ಯಾವುದು ಒಳ್ಳೆಯದು’ ಎಂದು ಕೇಳದೆ, ‘ನನ್ನಲ್ಲಿರುವುದಕ್ಕೆ ಯಾವುದು ಹೊಂದುತ್ತದೆ, ನಾಳೆ ಬದಲಿಸಿದರೆ ಯಾವುದು ಉಳಿಯುತ್ತದೆ’ ಎಂದು ಕೇಳಲಿ.